ಸುಂಕದವನ ಹಿತ್ತಲಲ್ಲಿ ತಂಬಾಕು

ಯಾವುದರಿಂದ ತಪ್ಪಿಸಿಕೊಂಡು ಓಡುತ್ತೇವೋ ಅದು ನಮಗಿಂತ ಮೊದಲೇ ರೈಲು ಹತ್ತಿ ಮುಂದಿನ ಊರಲ್ಲಿ ಕಾದು ಕೂತಿರುತ್ತದೆ. ನನ್ನ ಪಾಲಿಗೆ ಅದು ತಂಬಾಕು. ನಾನು ನಿಪ್ಪಾಣಿ ಕಡೆಯ ತಂಬಾಕಿನ ರೈತನ ಮಗ. ಸೀನಿ ಸೀನಿ ಚಿಕ್ಕಂದಿನಲ್ಲೇ ನನ್ನ ಮೂಗು ಸತ್ತಿತ್ತು. ಈ ಎಲೆಯ ಸಹವಾಸವೇ ಬೇಡವೆಂದು ಪರೀಕ್ಷೆ ಬರೆದು ದೂರದ ಕೇರಳದಲ್ಲಿ ಸರಕಾರಿ ನೌಕರಿ ಹಿಡಿದೆ. ಊರಿಗೆಲ್ಲ ಪೇಢೆ ಹಂಚಿದ್ದೂ ಆಯಿತು. ಆಮೇಲೆ ತಿಳಿಯಿತು, ನೌಕರಿ ತಂಬಾಕಿನ ಸುಂಕ ವಸೂಲಿಯದು!

ಟ್ರಂಕಿನ ಘಾಟು

ಅರವತ್ತರ ದಶಕ. ಮೊದಲ ಪೋಸ್ಟಿಂಗ್ ತಿರುವನಂತಪುರ. ಟ್ರಂಕಿನ ಬಟ್ಟೆಗೆ ಹುಳ ಬೀಳಬಾರದೆಂದು ಅವ್ವ ಅಂಗಿಗಳ ನಡುವೆ ಒಣ ತಂಬಾಕಿನ ಎಲೆ ಇಟ್ಟಿದ್ದಳು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹಾಗೇ. ನನಗೆ ವಾಸನೆ ಎಲ್ಲಿ ಗೊತ್ತಾಗಬೇಕು? ಅದರಲ್ಲೇ ಒಂದು ಇಸ್ತ್ರಿ ಅಂಗಿ ತೊಟ್ಟು ಸಾಹೇಬರ ಮೇಜಿನ ಮುಂದೆ ನಿಂತೆ.

ಸಾಹೇಬರು ಅಲ್ಲಿನವರೇ, ಮಹಾ ಶಿಸ್ತಿನ ಮನುಷ್ಯ. ಸಹಿ ಹಾಕಲು ಪೆನ್ನು ಎತ್ತಿದವರು ಸೀನಿದರು. ಜವಾನ ಸೀನಿದ. ಹೆಡ್ ಕ್ಲಾರ್ಕ್ ಸೀನುತ್ತ ಎದ್ದೇ ಹೋದರು. ಇಡೀ ಕೋಣೆಯಲ್ಲಿ ಸೀನದೆ ನಿಂತವನು ನಾನೊಬ್ಬನೇ ಆದ್ದರಿಂದ ಕಳ್ಳ ಬೇಗ ಸಿಕ್ಕಿಬಿದ್ದ. ಸಾಹೇಬರು ಹತ್ತಿರ ಬಂದು ನನ್ನ ಕಾಲರ್ ಮೂಸಿದರು.

"ಸುಂಕ ಕಟ್ಟದ ಮಾಲನ್ನು ಮೈಮೇಲೆ ಹೊದ್ದುಕೊಂಡು ಸುಂಕದ ಕಚೇರಿಗೇ ಕೆಲಸಕ್ಕೆ ಬಂದವನನ್ನು ಇವತ್ತೇ ನೋಡಿದ್ದು."

ಹುಳ ಬೀಳದಿರಲೆಂದು ಅವ್ವ ಎಲೆ ಇಟ್ಟ ಕತೆ ಹೇಳಿದೆ. ಆದರೂ ಸಾಹೇಬರ ಅಪ್ಪಣೆಯಂತೆ ಅಂಗಿಗಳ ಘಾಟು ಇಳಿಯುವವರೆಗೆ ನನ್ನ ಮೇಜು ಕುರ್ಚಿ ವೆರಾಂಡದಲ್ಲಿತ್ತು. ಬಂದವರೆಲ್ಲ ನನ್ನನ್ನೇ ಜವಾನ ಎಂದು ತಿಳಿದು ಚಹಾ ತರಲು ಹೇಳುತ್ತಿದ್ದರು.

ಹೂವಿನ ಗಿಡ

ಕೆಲವು ವರ್ಷಗಳಾದ ಮೇಲೆ ಕೊಚ್ಚಿಗೆ ವರ್ಗವಾಯಿತು. ನನ್ನ ಗ್ರಹಚಾರಕ್ಕೆ ಅದೇ ಸಾಹೇಬರೂ ಅಲ್ಲಿಗೇ ಬಂದರು. ಮಟ್ಟಾಂಚೇರಿಯ ತಂಬಾಕಿನ ಗೋದಾಮುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಷ್ಟರಲ್ಲಿ ಹೊಲವನ್ನೆಲ್ಲ ನನ್ನ ತಮ್ಮನಿಗೆ ಒಪ್ಪಿಸಿ ಅಪ್ಪ ನಮ್ಮಲ್ಲಿ ಒಂದು ವರ್ಷ ಇರಲು ಬಂದರು. ಸುಮ್ಮನೆ ಕೂತು ಗೊತ್ತಿಲ್ಲದ ಜೀವ. ನನ್ನ ಜೊತೆ ಗೋದಾಮಿಗೆ ಬಂದು ಅಲ್ಲಿನ ಗುಜರಾತಿ ಸೇಠರ ಗೆಳೆತನ ಮಾಡಿಕೊಂಡರು. ಹರಕು ಮುರುಕು ಹಿಂದಿಯಲ್ಲಿ ಇಬ್ಬರ ಹರಟೆ.

ಒಂದು ದಿನ ಸೇಠರು, "ಈ ಊರಿನ ಗಾಳಿಯಲ್ಲಿ ತಂಬಾಕು ಹದಕ್ಕೆ ಬರುವುದಿಲ್ಲ ಕಾಕಾ, ಬೂಷ್ಟು ಹಿಡಿಯುತ್ತದೆ. ಯಾರ ಕೈಯಲ್ಲೂ ಆಗದ ಮಾತು" ಎಂದುಬಿಟ್ಟರು.

ಅಪ್ಪನಿಗೆ ಅಷ್ಟು ಸಾಕಾಯಿತು. ಮನೆಗೆ ಬಂದವರೇ ಚೀಲದಿಂದ ಬೀಜದ ಗಂಟು ತೆಗೆದರು. ನಾನು ಗಂಟಿನ ಮೇಲೆ ಕೈ ಇಟ್ಟೆ. "ಅಪ್ಪಾ, ಮನೀ ಬಳಕೀಗೆ ನಾಕು ಗಿಡ ಹಚ್ಚಿದ್ರ ನಡೀತದ. ಒಂದ ಎಲಿ ಮಾರಿದ್ರೂ ನನ್ನ ನೌಕರಿ ಹೋಗ್ತದ."

"ಸುಂಕದಾಂವನ ಮುಂದ ಸುಖ-ದುಃಖ ಹೇಳಬಾರದಂತಾರ. ಮಗಾನ ಸುಂಕದಾಂವ ಆದ್ರ ಯಾರ ಮುಂದ ಹೇಳ್ಲಿ?" ಎಂದರು ಅಪ್ಪ. "ಮಾರೂದಿಲ್ಲ ಬಿಡು. ಆ ಸೇಠ ಒಮ್ಮೆ ನನ್ನ ಎಲಿ ಮೂಸಿ ಬಾಯಿ ಮುಚ್ಚಬೇಕು. ಅಷ್ಟ ಸಾಕು."

ಹಿತ್ತಲಲ್ಲಿ ಸಸಿ ಎದ್ದವು. ಮನೆಯೊಡತಿ ಅಮ್ಮಚ್ಚಿ ಬೇಲಿಯಾಚೆಯಿಂದ ಏನು ಗಿಡವೆಂದು ಕೇಳಿದಾಗ ನನ್ನ ಹೆಂಡತಿ ಹೆದರಿ "ಹೂವಿನ ಗಿಡ" ಎಂದಳು. ಸುಳ್ಳೇನಲ್ಲ, ತಂಬಾಕೂ ಹೂ ಬಿಡುತ್ತದೆ. ಅಮ್ಮಚ್ಚಿಗೆ ಹಿಗ್ಗೋ ಹಿಗ್ಗು. ಹಬ್ಬಕ್ಕೆ ಪಳ್ಳಿಯ, ಅಂದರೆ ಚರ್ಚಿನ, ಅಲಂಕಾರಕ್ಕೆ ಆಯಿತೆಂದು ದಿನಾ ಬೆಳಿಗ್ಗೆ ಮೀನು ತೊಳೆದ ನೀರು ತಂದು ಗಿಡಕ್ಕೆ ಹಾಕಿದರು. ಎಲೆ ಆನೆಕಿವಿಯಂತೆ ಅಗಲವಾಯಿತು. ಇದು ತಮ್ಮ ಕೈಗುಣ ಎಂದು ಅಪ್ಪ ಬೀಗಿದರು. ಬಾಯಿಗೆ ಮೊಟ್ಟೆ ಕೂಡ ಮುಟ್ಟಿಸದ ಮನುಷ್ಯ. ಹೆಂಡತಿ ಮೀನಿನ ಗುಟ್ಟು ಬಿಡಲಿಲ್ಲ.

ಗುಲಾಬಿ ಬಣ್ಣದ ಮೊಗ್ಗು ಕಂಡ ದಿನವೇ ಅಪ್ಪ ಅಷ್ಟನ್ನೂ ಚಿವುಟಿ ಎಸೆದರು. ಹೂ ಬಿಟ್ಟರೆ ಎಲೆಯ ಸತ್ವ ಹೋಗುತ್ತದೆ, ಅದಕ್ಕೇ ಕುಡಿ ಚಿವುಟುವುದು ನಮ್ಮ ಪದ್ಧತಿ. ಅಮ್ಮಚ್ಚಿ ಎದೆ ಹಿಡಿದುಕೊಂಡು ನಿಂತರು. "ಅಯ್ಯೋ ಎಂಡೆ ಈಶೋಯೇ! ಪಾಪ, ಈ ಮುದಿ ಅಪ್ಪೂಪ್ಪನ್‌ಗೆ ತಲೆ ಸರಿಯಿಲ್ಲ ಅಂತ ನೀವು ಮೊದಲೇ ಹೇಳಬಾರದಿತ್ತಾ?"

ಅಂದಿನಿಂದ ಅವರು ಅಪ್ಪನಿಗೆ ದಿನಾ ಒಂದು ಎಳನೀರು ಕಳಿಸಿದರು, ತಲೆ ತಂಪಾಗಲಿ ಎಂದು.

ಅಡುಗೆಮನೆಯಲ್ಲಿ ಹದ

ಊರಲ್ಲಿ ಎಲೆ ಗರಿಗರಿ ಒಣಗುತ್ತದೆ. ಮುಟ್ಟಿದರೆ ಪುಡಿಯಾದೀತೆಂದು ಬೆಳಗಿನ ಇಬ್ಬನಿಗೆ ಕಾದು, ಎಲೆ ಮೆತ್ತಗಾದ ಮೇಲೆ ಕಟ್ಟುತ್ತೇವೆ. ಕೊಚ್ಚಿಯಲ್ಲಿ ಉಲ್ಟಾ. ಅಪ್ಪ ಎಲೆ ಕೊಯ್ದು ಮರಳ ಮೇಲೆ ಹರವಿದರೆ ಅದು ಒಣಗುವ ಮಾತೇ ಆಡಲಿಲ್ಲ. "ಇದೆಂಥಾ ಊರಪಾ! ಇಲ್ಲಿ ಇಬ್ಬನಿ ಮಧ್ಯಾಹ್ನಾನೂ ಡ್ಯೂಟಿ ಮಾಡ್ತದ!"

ಕೊನೆಗೆ ಎಲೆಗಳನ್ನು ದಾರಕ್ಕೆ ಪೋಣಿಸಿ ಅಡುಗೆಮನೆಯಲ್ಲಿ ಒಲೆಯ ಮೇಲೆ ತೂಗುಹಾಕಿದರು. ಹೆಂಡತಿ ಮೂಗಿಗೆ ಸೆರಗು ಕಟ್ಟಿ ರೊಟ್ಟಿ ಬಡಿದಳು. "ನಿಮ್ಮಪ್ಪನ ಎಲಿ ಹದಾ ಆಗೂದರಾಗ ನಾ ಹದಾ ಆಗ್ತೀನಿ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು.

ಘಾಟಿಗೆ ಅಮ್ಮಚ್ಚಿ ಕೆಂಡಾಮಂಡಲವಾಗಿ ಬಂದರು, ಮನೆ ಬಿಡಿಸುವ ಮಾತೇ ತೆಗೆದರು. ಅವರ ಮಲಯಾಳ ಅಪ್ಪನಿಗೆ ತಿಳಿಯದು. ಆದರೆ ಅವರ ಕೆಂಪು ತುಟಿ ಕಂಡು, ಒಂದು ಚೂರು ಎಲೆ ಹರಿದು ಕೈಗಿಟ್ಟರು. ಅಮ್ಮಚ್ಚಿ ಬೈಯುತ್ತಲೇ ಅದನ್ನು ವೀಳ್ಯದೊಳಗಿಟ್ಟು ಬಾಯಿಗೆ ಹಾಕಿಕೊಂಡರು. ಬೈಗುಳ ನಡುವೆಯೇ ನಿಂತಿತು. ಮರುದಿನದಿಂದ ಎಲೆ ಹದವಾಯಿತೇ ಎಂದು ನೋಡಲು ದಿನಕ್ಕೆರಡು ಸಲ ಬರತೊಡಗಿದರು. ಬೂಷ್ಟಿನಿಂದ ಉಳಿದ ಎಲೆಯನ್ನು ಅಮ್ಮಚ್ಚಿಯಿಂದ ಉಳಿಸುವುದೇ ಅಪ್ಪನಿಗೆ ದೊಡ್ಡ ಕೆಲಸವಾಯಿತು.

ಟವೆಲಿನ ಕೆಳಗೆ

ಉಳಿದದ್ದು ಒಂದು ಕಟ್ಟು. ಅಪ್ಪ ಅದನ್ನು ಕಂಕುಳಲ್ಲಿಟ್ಟುಕೊಂಡು ಗೋದಾಮಿಗೆ ನಡೆದರು, ನಾನು ಹಿಂದೆ. ಸೇಠರು ಎಲೆ ತೀಡಿದರು, ಬೆಳಕಿಗೆ ಹಿಡಿದರು, ಮೂಸಿದರು, ಕಣ್ಣು ಮುಚ್ಚಿದರು. ಮಾತಿಲ್ಲ. ಅಪ್ಪನ ಮುಖ ಅರಳಿತು. ಮನೆಗೆ ಹೋಗೋಣವೆಂದೆ.

"ಬೆಲೆ ಕಟ್ಟದ ಬೆಳೀ ಎಂಥಾ ಬೆಳೀನೋ? ಮಾರೂದಿಲ್ಲ, ಬರೇ ಬೆಲೆ ಕಟ್ಟಸ್ತೀನಿ" ಎಂದು ಅಪ್ಪ ಹೆಗಲ ಟವೆಲು ಹಾಸಿದರು. ಹಳೆಯ ವ್ಯಾಪಾರ ಹೀಗೇ. ಇಬ್ಬರೂ ಟವೆಲಿನ ಕೆಳಗೆ ಕೈ ಇಟ್ಟು ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಒಂದು ಬೆರಳಿಗೆ ಒಂದು ರೂಪಾಯಿ. ಸೇಠರು ಮೂರು ಬೆರಳು ಹಿಡಿದರಂತೆ. ಅಪ್ಪ ತಲೆ ಅಲ್ಲಾಡಿಸಿದರು.

ಆಗಲೇ ಬಾಗಿಲಲ್ಲಿ ನಮ್ಮ ಸಾಹೇಬರು! ತಪಾಸಣೆಗೆ ಬಂದಿದ್ದರು. "ಇವರಾರು?" ಎಂದರು. "ನಮ್ಮ ತಂದೆ, ಸಾರ್."

ಸಾಹೇಬರು ಹಿರಿಯರಿಗೆ ಮರ್ಯಾದೆ ಕೊಡುವವರು. ಸೇಠರು ಗಾಬರಿಯಿಂದ ಕೈ ಎಳೆದುಕೊಂಡರು, ಅಪ್ಪನ ಕೈ ಟವೆಲಿನ ಕೆಳಗೇ ಇತ್ತು. ಸಾಹೇಬರು ನಗುತ್ತ ಅಲ್ಲಿಗೇ ಕೈ ತೂರಿಸಿ, ಅಪ್ಪನ ಐದೂ ಬೆರಳು ಸೇರಿಸಿ ಗಟ್ಟಿಯಾಗಿ ಕೈ ಕುಲುಕಿದರು.

"ಐದು! ಆತು, ಕೊಟ್ಟೆ!" ಎಂದು ಅಪ್ಪ ಕಟ್ಟನ್ನು ಸಾಹೇಬರ ಕಂಕುಳಿಗೆ ಸಿಕ್ಕಿಸಿದರು.

ನಾನು ಬಾಯಿ ತೆರೆಯುವುದರೊಳಗೆ ಸೇಠರು ಸಾಹೇಬರಿಗೆ ವಿಷಯ ವಿವರಿಸಿ, "ಟವೆಲಿನ ಕೆಳಗೆ ಆದ ಮಾತು ಮುರಿಯಬಾರದು, ಸಾರ್" ಎಂದರು. ಸಾಹೇಬರು ಕಟ್ಟನ್ನು ನೋಡಿದರು, ನನ್ನನ್ನು ನೋಡಿದರು, ಒಮ್ಮೆ ಸೀನಿದರು.

"ಇದರ ಸುಂಕ ಯಾರು ಕಟ್ಟಬೇಕು?"

"ಮಾಲು ಯಾರ ಕೈಯಲ್ಲಿದೆಯೋ ಅವರು, ಸಾರ್" ಎಂದೆ.

ಸಾಹೇಬರು ಬೆಲೆ ಕೊಟ್ಟರು, ಸುಂಕವನ್ನೂ ಕಟ್ಟಿದರು. ರಸೀದಿ ನಾನೇ ಬರೆದು ಹರಿದುಕೊಟ್ಟೆ. ನೌಕರಿ ಉಳಿಯಿತು. ದಾರಿಯಲ್ಲಿ ಅಪ್ಪ, "ಮನಷ್ಯಾ ಭಾಳ ಛಲೋ, ಖರೆ ವ್ಯಾಪಾರ ತಿಳಿಯಂಗಿಲ್ಲ" ಎಂದರು.

ತಂಬಾಕು ಹಾಕುವ ಅಭ್ಯಾಸವಿಲ್ಲದ ಸಾಹೇಬರು ಅಷ್ಟು ಎಲೆಯನ್ನು ಏನು ಮಾಡಿದರೆಂದು ಸೋಮವಾರ ತಿಳಿಯಿತು. ಇಸ್ತ್ರಿ ಅಂಗಿ ತೊಟ್ಟು ಕಚೇರಿಯೊಳಗೆ ಬಂದರು. ಜವಾನ ಸೀನಿದ. ಟೈಪಿಸ್ಟ್ ಸೀನಿದಳು. ಸಾಹೇಬರೂ ಸೀನಿ, ನನ್ನ ಕಡೆ ಒಮ್ಮೆ ನೋಡಿ, ಯಾರೂ ಏನೂ ಹೇಳುವ ಮೊದಲೇ ತಮ್ಮ ಕುರ್ಚಿ ತಾವೇ ಎತ್ತಿಕೊಂಡು ವೆರಾಂಡಕ್ಕೆ ಹೋದರು.