ನಮ್ಮ ಬಸ್ಸಿಗೆ ಫೋನ್ ಟಿಕೆಟ್ ಬಂದಾಗ

ಗೋಣಿಕೊಪ್ಪದಿಂದ ಕುಟ್ಟಕ್ಕೆ ದಿನಕ್ಕೆ ಮೂರು ಸಲ ಹೋಗಿಬರುವ ಖಾಸಗಿ ಬಸ್ಸಿನಲ್ಲಿ ನಾನು ಕಂಡಕ್ಟರ್. ಇಪ್ಪತ್ತಾರು ವರ್ಷವಾಯಿತು. ನಗು ಬರುವಂಥದ್ದು ಏನೂ ನಡೆಯದ ದಿನ ಎಂದರೆ ಬಸ್ಸು ವರ್ಕ್‌ಶಾಪಿನಲ್ಲಿರುವ ದಿನ ಮಾತ್ರ. ಫೋನ್ ಟಿಕೆಟ್ ಬಂದ ಮೇಲಂತೂ ಮನೆಗೆ ಹೋಗಿ ಹೇಳಲು ದಿನಕ್ಕೊಂದು ಕಥೆ ಸಿಗುತ್ತಿದೆ.

ಓನರ್ ಒಂದು ಬೆಳಿಗ್ಗೆ ನನ್ನ ಕೊರಳಿಗೆ ದಾರ ಕಟ್ಟಿದ ಕಾರ್ಡ್ ಹಾಕಿದರು. ಅದರ ಮೇಲೆ ಕಪ್ಪು ಚುಕ್ಕಿಗಳ ಚೌಕ. "ಜನ ಇದನ್ನು ಸ್ಕ್ಯಾನ್ ಮಾಡಿ ದುಡ್ಡು ಹಾಕುತ್ತಾರೆ. ನೀನು ನಿನ್ನ ಫೋನಿನಲ್ಲಿ ನೋಡಿ ಒತ್ತಿದರೆ ಅವರ ಫೋನಿಗೆ ಟಿಕೆಟ್ ಹೋಗುತ್ತದೆ. ಒಂದು ತಿಂಗಳು ನೋಡುವ. ನಿನ್ನಿಂದ ಆಗದಿದ್ದರೆ ಬೇರೆ ಯಾರನ್ನಾದರೂ ಹಾಕಬೇಕಾಗುತ್ತದೆ" ಎಂದರು. ಸಿಟ್ಟಿನಿಂದ ಹೇಳಿದ್ದರೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ತಣ್ಣಗೆ ಹೇಳಿದರು. ನನಗೆ ಐವತ್ನಾಲ್ಕು ವರ್ಷ, ಫೋನಿನಲ್ಲಿ ಗೊತ್ತಿದ್ದದ್ದು ಹಲೋ ಎನ್ನುವುದು ಮಾತ್ರ.

ಪಾಠ

ಪೊನ್ನಂಪೇಟೆಯಲ್ಲಿ ಹತ್ತಿ ಶ್ರೀಮಂಗಲದಲ್ಲಿ ಇಳಿಯುವ ಟೀಚರೊಬ್ಬರಿದ್ದಾರೆ. ಮೊದಲ ದಿನ ನಾನು ಫೋನನ್ನು ತಲೆಕೆಳಗೆ ಹಿಡಿದದ್ದನ್ನು ನೋಡಿ, ತಮ್ಮ ಪಕ್ಕದ ಸೀಟಿನಿಂದ ಚೀಲ ತೆಗೆದು, "ಕೂತುಕೊಳ್ಳಿ ಇಲ್ಲಿ" ಎಂದರು. ಕೂತೆ. ಆವತ್ತಿನಿಂದ ದಿನಾ ಪಾಠ. ನೋಟ್‌ಬುಕ್ ತರಿಸಿದರು, ಹೋಮ್‌ವರ್ಕ್ ಕೊಟ್ಟರು. ತಪ್ಪಿದರೆ ಇಡೀ ಬಸ್ಸಿಗೆ ಕೇಳುವಂತೆ, "ನಿನ್ನೆ ಹೇಳಿಕೊಟ್ಟದ್ದಲ್ಲವಾ?" ಎನ್ನುತ್ತಿದ್ದರು. ಹಿಂದಿನ ಸೀಟಿನವರು ಮೆಲ್ಲಗೆ ನನಗೆ ಉತ್ತರ ಹೇಳಿಕೊಡುತ್ತಿದ್ದರು.

ಅವರು ನೂರು ಸಲ ಹೇಳಿದ್ದ ಮಾತು ಒಂದೇ: ಪಿನ್ ಯಾರಿಗೂ ಹೇಳಬಾರದು. ಎಂಟನೆಯ ದಿನ ಇದ್ದಕ್ಕಿದ್ದಂತೆ ಕೇಳಿದರು.

"ನಿಮ್ಮ ಪಿನ್ ಎಷ್ಟು, ಹೇಳಿ ನೋಡುವ."

"ಹೇಳುವುದಿಲ್ಲ ಟೀಚರ್."

"ನನಗೂ ಹೇಳುವುದಿಲ್ಲವಾ?"

"ನಿಮಗೂ ಇಲ್ಲ."

"ಪಾಸಾದಿರಿ" ಎಂದು ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಿದರು. ಹಿಂದಿನ ಸೀಟಿನವರು ಚಪ್ಪಾಳೆ ತಟ್ಟಿದರು. ಶಾಲೆಗೆ ಹೋಗುವಾಗ ಒಂದು ಸಲವೂ ನನಗೆ ಆ ಗುರುತು ಸಿಕ್ಕಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ಪಿನ್ ನನಗೂ ಮರೆತುಹೋಗಿತ್ತು.

ಫೋಟೋ

ಹುದಿಕೇರಿಯಲ್ಲಿ ಹತ್ತುವ ನಿವೃತ್ತ ಸುಬೇದಾರರೊಬ್ಬರಿಗೆ ಮಗಳು ಹೊಸ ಫೋನ್ ಕೊಟ್ಟಿದ್ದಳು. ಕಾರ್ಡ್ ತೋರಿಸಿ, "ಇದಕ್ಕೆ ಫೋನ್ ಹಿಡಿಯಿರಿ ಸಾರ್" ಎಂದೆ. ಹಿಡಿದರು. ಕ್ಲಿಕ್ ಎಂದಿತು.

"ಕಣ್ಣು ಮುಚ್ಚಿಬಿಟ್ಟೆಯಲ್ಲ ಮಾರಾಯ. ಇನ್ನೊಮ್ಮೆ ನಿಲ್ಲು" ಎಂದರು.

"ಫೋಟೋ ಅಲ್ಲ ಸಾರ್, ಸ್ಕ್ಯಾನ್."

"ಅದೇ. ನೆಟ್ಟಗೆ ನಿಲ್ಲು, ಎದೆ ಮುಂದೆ."

ನಿಂತೆ. ಪಟ್ಟು ಬಿಡದೆ ನಾಲ್ಕು ತೆಗೆದರು. ಟಿಕೆಟ್ ಮಾತ್ರ ಬರಲಿಲ್ಲ, ಕೊನೆಗೆ ನೋಟು ಕೊಟ್ಟರು. ಮರುವಾರ ಅವರ ಹೆಂಡತಿ ಬಸ್ಸು ಹತ್ತಿ ನನ್ನ ಮುಖ ನೋಡಿ ನಕ್ಕರು. "ನಿಮ್ಮ ಫೋಟೋ ನಮ್ಮ ಕುಟುಂಬದ ಗ್ರೂಪಿಗೆ ಬಂದಿತ್ತು. ಇವರು ಕೆಳಗೆ ಏನೂ ಬರೆದಿರಲಿಲ್ಲ. ಯಾರೋ ತೀರಿಹೋದರು ಅಂತ ಮೂವತ್ತು ಜನ ಕೈಮುಗಿದಿದ್ದಾರೆ" ಎಂದರು.

ಸ್ಟಾಪ್

ಹುದಿಕೇರಿ ದಾಟಿದರೆ ಎರಡೂ ಕಡೆ ಕಾಫಿ ತೋಟ. ಸಿಗ್ನಲ್ ಇಲ್ಲ. ಒಂದು ಏರುತಿರುವಿನಲ್ಲಿ ಮಾತ್ರ ಹೇಗೋ ಬರುತ್ತದೆ. ಹಾಗಾಗಿ ನಮ್ಮ ಡ್ರೈವರ್ ಆ ತಿರುವಿನ ಬದಿಯಲ್ಲಿ ಒಂದು ನಿಮಿಷ ಬಸ್ಸು ನಿಲ್ಲಿಸುತ್ತಿದ್ದ. ಎಲ್ಲರ ಫೋನೂ ಟಿಣ್ ಟಿಣ್ ಎನ್ನುತ್ತಿತ್ತು, ನಾನು ಒತ್ತುತ್ತಿದ್ದೆ, ಬಸ್ಸು ಹೊರಡುತ್ತಿತ್ತು.

ಬಸ್ಸು ನಿಲ್ಲುವುದನ್ನು ಕಂಡ ಪಕ್ಕದ ಎಸ್ಟೇಟಿನ ಹೆಂಗಸರು ಕಾಫಿ ಕೊಯ್ಯುವ ಪಿಕಿಂಗ್ ಮುಗಿಸಿ ಅಲ್ಲೇ ಹತ್ತತೊಡಗಿದರು. ಹದಿನೈದು ದಿನದಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅಲ್ಲೊಂದು ಕಲ್ಲುಬೆಂಚು ಹಾಕಿಸಿದರು. ಒಂದು ದಿನ ಫೋನಿನವರು ಯಾರೂ ಇರಲಿಲ್ಲ, ಡ್ರೈವರ್ ನಿಲ್ಲಿಸದೆ ಹೋದ. ಮರುದಿನ ವಯಸ್ಸಾದ ಹೆಂಗಸೊಬ್ಬಳು ಮೆಟ್ಟಿಲ ಮೇಲೆ ನಿಂತೇ ತರಾಟೆಗೆ ತೆಗೆದುಕೊಂಡಳು: "ಸ್ಟಾಪಿನಲ್ಲೇ ನಿಲ್ಲಿಸದಿದ್ದರೆ ಮತ್ತೆಲ್ಲಿ ನಿಲ್ಲಿಸುತ್ತೀರಿ?"

ಆಮೇಲೆ ಸಮಾಧಾನವಾಗಿ ಹೇಳಿದಳು, "ಮೊದಲು ಮೈಲಿಗಟ್ಟಲೆ ನಡೆಯಬೇಕಿತ್ತಪ್ಪ. ಕಾಲುನೋವಿನವಳು ನಾನು. ಈ ಸ್ಟಾಪ್ ಮಾಡಿಸಿದ ಪುಣ್ಯಾತ್ಮರು ಯಾರೋ, ಚೆನ್ನಾಗಿರಲಿ."

ಸಿಗ್ನಲ್ ಇಲ್ಲದ್ದಕ್ಕೆ ಫೋನ್ ಕಂಪನಿಯನ್ನು ಬಯ್ಯುತ್ತಿದ್ದ ಡ್ರೈವರ್ ಅಂದಿನಿಂದ ಬಾಯಿ ಮುಚ್ಚಿದ.

ಅರ್ಚನೆ

ಒಂದು ಸಂತೆಯ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಮುಂದಿನ ಬಾಗಿಲಲ್ಲಿ ಸಿಕ್ಕಿಕೊಂಡಿದ್ದೆ. ಕೊರಳಿನ ಕಾರ್ಡ್ ತೆಗೆದು, "ಕೈಯಿಂದ ಕೈಗೆ ಹಿಂದೆ ಕಳಿಸಿ" ಎಂದೆ. ನಡುವಿನ ಸೀಟಿನಲ್ಲಿ ದಾರಿಯ ದೇವಸ್ಥಾನವೊಂದರ ಅರ್ಚಕರು ಕೂತಿದ್ದರು. ಸೇವೆಯ ಹಣಕ್ಕೆಂದು ದೇವಸ್ಥಾನಕ್ಕೂ ಅಂಥದ್ದೇ ಕಾರ್ಡ್ ಇತ್ತು. ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ ಕೈಯಲ್ಲೇ ಹಿಡಿದಿದ್ದರು. ನನ್ನ ಕಾರ್ಡಿಗೆ ತಮ್ಮ ಟಿಕೆಟ್ಟಿನ ದುಡ್ಡು ಹಾಕಿ, ಗಡಿಬಿಡಿಯಲ್ಲಿ ಅದನ್ನೇ ಚೀಲಕ್ಕೆ ಸೇರಿಸಿ, ದೇವಸ್ಥಾನದ ಕಾರ್ಡನ್ನು ಹಿಂದಕ್ಕೆ ಕಳಿಸಿಬಿಟ್ಟರು. ನಮ್ಮ ಬಸ್ಸಿಗಿರುವುದು ಓನರ್ ಮನೆದೇವರ ಹೆಸರು. ಆ ದೇವಸ್ಥಾನದ್ದೂ ಅದೇ ದೇವರು. ಫೋನಿನಲ್ಲಿ ಹೆಸರು ನೋಡಿ ಯಾರಿಗೂ ಅನುಮಾನ ಬರಲಿಲ್ಲ.

ಅರ್ಚಕರದ್ದು ಬಂದ ಮೇಲೆ ನನಗೆ ದುಡ್ಡೂ ಬರಲಿಲ್ಲ, ಸದ್ದೂ ಬರಲಿಲ್ಲ. ಸಿಗ್ನಲ್ ಇಲ್ಲ, ಆಮೇಲೆ ಬರುತ್ತದೆ ಎಂದುಕೊಂಡೆ. ಕುಟ್ಟ ಮುಟ್ಟಿ, ಹಿಂದಿನಿಂದ ವಾಪಸ್ ಬಂದ ಕಾರ್ಡ್ ನೋಡಿದರೆ ಅದು ದೇವಸ್ಥಾನದ್ದು. ಓನರ್ ಕೊಟ್ಟ ತಿಂಗಳು ಮುಗಿಯಲು ಎರಡೇ ದಿನ ಉಳಿದಿತ್ತು. ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ.

ಅವರು ಯಾವ ದೇವಸ್ಥಾನ ಎಂದು ಕೇಳಿದರು. ಆಮೇಲೆ, "ನಮ್ಮ ಮನೆದೇವರಿಗೇ ಹೋಗಿದೆಯಲ್ಲ. ವಾಪಸ್ ಕೇಳುವ ಧೈರ್ಯ ನನಗಂತೂ ಇಲ್ಲ. ಮುಚ್ಚಿಡದೆ ಹೇಳಿದೆಯಲ್ಲ, ಅಷ್ಟು ಸಾಕು. ನಾಳೆಯಿಂದ ಕಾರ್ಡ್ ಕೊರಳಿನಿಂದ ತೆಗೆಯಬೇಡ" ಎಂದರು. ಆ ನಾಳೆ ಎಂಬ ಮಾತು ಕೇಳಿ ನನ್ನ ಕಣ್ಣು ತುಂಬಿತು.

ಮರುದಿನ ಬೆಳಿಗ್ಗೆ ಅರ್ಚಕರು ದೇವಸ್ಥಾನದ ಎದುರು ಬುಟ್ಟಿ ಹಿಡಿದು ನಿಂತಿದ್ದರು. ಹತ್ತಿದವರೇ ನನ್ನ ಕಾರ್ಡ್ ಕೊಟ್ಟು ತಮ್ಮದನ್ನು ತೆಗೆದುಕೊಂಡು, "ತಪ್ಪಾಯಿತು. ನಿನ್ನೆ ಒಂಬತ್ತು ಜನರ ಹೆಸರು ಬಂದಿತ್ತು. ಭಕ್ತರು ಅಂದುಕೊಂಡು ಬೆಳಿಗ್ಗೆ ಒಬ್ಬೊಬ್ಬರ ಹೆಸರು ಹೇಳಿ ಅರ್ಚನೆ ಮಾಡಿಬಿಟ್ಟೆ. ಆಮೇಲೆ ಚೀಲದಲ್ಲಿ ಈ ಕಾರ್ಡ್ ಸಿಕ್ಕಿತು. ಪ್ರಸಾದ ತಂದಿದ್ದೇನೆ" ಎಂದರು.

ಒಂಬತ್ತರಲ್ಲಿ ಐದು ಜನ ಬಸ್ಸಿನಲ್ಲೇ ಇದ್ದರು. ಅವರಲ್ಲೊಬ್ಬರು ಕುಟ್ಟದಲ್ಲಿ ಕರಿಮೆಣಸಿನ ವ್ಯಾಪಾರ ಮಾಡುವ ಬ್ಯಾರಿ ಮುಸ್ಲಿಂ ಸಾಹೇಬರು. ಅರ್ಚಕರು ಅವರ ಮುಂದೆ ನಿಂತು ಸಂಕೋಚಪಟ್ಟರು. "ನಿಮ್ಮ ಹೆಸರೂ ಹೇಳಿದ್ದೇನೆ. ನಕ್ಷತ್ರ ಗೊತ್ತಾಗಲಿಲ್ಲ. ಬೇಸರ ಮಾಡಬೇಡಿ" ಎಂದರು.

ಸಾಹೇಬರು ಎದ್ದು ನಿಂತು ಬಾಳೆಹಣ್ಣನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಬೇಸರ ಎಂತಕ್ಕೆ ಸ್ವಾಮೀ. ಅಷ್ಟು ಬೆಳಿಗ್ಗೆ ನನ್ನ ಹೆಸರು ಹೇಳಿ ಒಳ್ಳೆಯದು ಕೇಳುವವರು ಯಾರಿದ್ದಾರೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ಕಂಡಕ್ಟರೇ, ಈ ವಾರ ಮೆಣಸಿನ ರೇಟು ಏರಿದರೆ ಮುಂದಿನ ಟಿಕೆಟ್ ನಾನು ಇವರ ಹತ್ತಿರವೇ ತೆಗೆಯುವುದು."