ಭಟ್ಟರ ಧರಣಿ

ಸಾನಪಾಡಾದ ಆ ಫ್ಲ್ಯಾಟ್ ಸೊಸೈಟಿಗೆ ತಿಂಗಳಿಂದ ದಿನಕ್ಕೆ ಇಪ್ಪತ್ತೇ ನಿಮಿಷ ನೀರು. ಸೋಮವಾರದ ಮೀಟಿಂಗಿಗೆ ಮುನ್ನ ಸರಿಯಾಗದಿದ್ದರೆ ಸೆಕ್ರೆಟರಿ ಯಜ್ಞೇಶ್ವರ ಭಟ್ಟರು ಹುದ್ದೆ ಬಿಡಬೇಕೆಂದು ಎಲ್ಲರೂ ಹೇಳಿಬಿಟ್ಟಿದ್ದರು. ಭಟ್ಟರು ಮೂವತ್ತು ವರ್ಷ ವಾಶಿಯ ಹೋಟೆಲೊಂದರ ಕೌಂಟರಿನಲ್ಲಿ ಕೂತವರು. ತಮಗೆ ಮರಾಠಿ ಚೆನ್ನಾಗಿ ಬರುತ್ತದೆಂದು ನಂಬಿದ್ದವರು ಅವರೊಬ್ಬರೇ.

ಶನಿವಾರ ಚೇರ್ಮನ್ ಯಶ್ವಂತ್ ಗ್ರೂಪಿಗೆ ಮರಾಠಿಯಲ್ಲಿ ಮೆಸೇಜು ಹಾಕಿದರು: ‘ಉದ್ಯಾ ಸಕಾಳಿ ಧರಣಾವರ್ ಜಾಯಚಂ, ಸಗಳ್ಯಾನಿ ಯಾ.’

“ನಾಳೆ ಬೆಳಿಗ್ಗೆ ನೀರಿಗಾಗಿ ಧರಣಿ ಉಂಟಂತೆ, ಎಲ್ರೂ ಹೋಗ್ಬೇಕಂತೆ,” ಎಂದು ಭಟ್ಟರು ಹೆಂಡತಿ ವೇದಾವತಿಗೆ ಹೇಳಿದರು. “ನನ್ನ ಮರ್ಯಾದೆ ಉಳೀತು ಮಾರಾಯ್ತಿ.”

ಭಾನುವಾರ ಭಟ್ಟರು ಉಪವಾಸವಿದ್ದು, ‘ನೀರು ಕೊಡಿ’ ಎಂಬ ಬೋರ್ಡು ಮತ್ತು ಖಾಲಿ ಕೊಡಪಾನ ಹಿಡಿದು ಹೆಂಡತಿಯ ಜೊತೆ ಸೊಸೈಟಿಯ ಬಸ್ಸು ಹತ್ತಿದರು. ಉಳಿದವರ ಕೈಯಲ್ಲಿ ಟಿಫಿನ್ ಡಬ್ಬಿ, ಕ್ರಿಕೆಟ್ ಬ್ಯಾಟು, ಜಮಖಾನ. ಪಕ್ಕದ ಮನೆಯ ಗುಣಪಾಲ ಡಬ್ಬಿ ಚಾಚಿದ. “ಗೋಳಿಬಜೆ ತಿನ್ನಿ ಭಟ್ರೆ.”

“ಧರಣಿಗೆ ಹೊರಟವರು ಗೋಳಿಬಜೆ ತಿನ್ನುದಾ?”

ಗುಣಪಾಲ ಇದನ್ನು ತಮಾಷೆ ಎಂದುಕೊಂಡು ಹೊಟ್ಟೆ ತುಂಬ ನಕ್ಕ.

ಬಸ್ಸು ನಿಂತದ್ದು ಬೆಟ್ಟದ ಬುಡದ ಹಳೆಯ ಮಣ್ಣಿನ ಅಣೆಕಟ್ಟಿನ ಮುಂದೆ. ಇಳಿಜಾರಿನ ಹುಲ್ಲಿನಲ್ಲಿ ಆಡುಗಳು ಮೇಯುತ್ತಿದ್ದವು. ಆಚೆ ಬದಿ ನೀರು ಬಾಯಿಮಟ್ಟ ತುಂಬಿತ್ತು. ಭಟ್ಟರು ಸೀದಾ ಹೋಗಿ ಗೇಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

ಯಶ್ವಂತ್ ಓಡಿ ಬಂದರು. “ಭಟ್‌ಜೀ, ಧರಣ್ ಮತ್‌ಲಬ್ ಡ್ಯಾಮ್. ಹಮ್ ಪಿಕ್‌ನಿಕ್ ಆಯೇ ಹೈಂ.”

ಧರಣಿಯಲ್ಲ, ಅಣೆಕಟ್ಟಿಗೆ ಪಿಕ್‌ನಿಕ್ಕು ಎಂದು ತಿಳಿದು ಭಟ್ಟರಿಗೆ ನಾಚಿಕೆಯಾಯಿತು. ಆದರೆ ಕೂತವರು ಏಳುವುದು ಹೇಗೆ? “ಡ್ಯಾಮೇ ಆಗ್ಲಿ. ಇಲ್ಲಿ ಇಷ್ಟು ನೀರಿದ್ರೆ ನಮ್ಮ ನಲ್ಲಿಯಲ್ಲಿ ಯಾಕಿಲ್ಲ?”

ಮಾತು ಎಲ್ಲರಿಗೂ ಸರಿಯೆನಿಸಿತು. ಒಬ್ಬೊಬ್ಬರಾಗಿ ಜಮಖಾನ ಹಾಸಿ ಭಟ್ಟರ ಹಿಂದೆ ಕೂತರು. ಗುಣಪಾಲ ಜೈಕಾರ ಹಾಕಿದ. ವೇದಾವತಿ ಕೂಡ ಗಂಡನತ್ತ ಹೆಮ್ಮೆಯಿಂದ ನೋಡಿದರು. ಭಟ್ಟರ ಎದೆ ಉಬ್ಬಿತು. ಸೋಮವಾರದ ಮೀಟಿಂಗಿಗೆ ಇನ್ನು ಹೆದರಬೇಕಾಗಿಲ್ಲ.

ಗದ್ದಲ ಕೇಳಿ ಅಣೆಕಟ್ಟಿನ ಎಂಜಿನಿಯರ್ ಬಂದರು. ಸಾನಪಾಡಾಕ್ಕೆ ನೀರು ಕೊಡುವ ಈ ಕಟ್ಟೆ ತಮ್ಮ ಅಜ್ಜನ ಕಾಲದಿಂದ ಒಂದು ದಿನವೂ ನೀರು ತಪ್ಪಿಸಿಲ್ಲವೆಂದರು. ಸೊಸೈಟಿಯ ಹೆಸರು ಕೇಳಿ ಮೊಬೈಲಿನಲ್ಲಿ ತಿಂಗಳ ಹಿಂದಿನ ಒಂದು ಅರ್ಜಿಯ ಫೋಟೋ ಹುಡುಕಿ ಯಶ್ವಂತ್‌ಗೆ ತೋರಿಸಿದರು. ನಿಮ್ಮ ಸೆಕ್ರೆಟರಿ ಕೇಳಿದಂತೆಯೇ ವಾಲ್ವ್ ತಿರುಗಿಸಿದ್ದೇವೆ ಎಂದರು.

ಯಶ್ವಂತ್ ಗಟ್ಟಿಯಾಗಿ ಓದಿದರು: “‘ಪಾಣಿ ಕಮೀ ಕರಾ.’” ಕೆಳಗೆ ಭಟ್ಟರ ಸಹಿಯಿತ್ತು.

“ನೀರು ಕಮ್ಮಿ ಮಾಡಿ ಅಂತ ಬರ್ದದ್ದಾ?” ವೇದಾವತಿ ಕೇಳಿದರು.

“ಅಲ್ಲ ಮಾರಾಯ್ತಿ. ಆಗ ನೀರು ಸ್ವಲ್ಪ ಕಮ್ಮಿ ಬರ್ತಿತ್ತಲ್ಲ. ನೀರು ಕಮ್ಮಿ, ಏನಾದ್ರೂ ಮಾಡಿ ಅಂತ,” ಭಟ್ಟರ ದನಿ ಇಳಿಯಿತು. “ಏನಾದ್ರೂ ಅನ್ಲಿಕ್ಕೆ ಮರಾಠಿ ನೆನಪಾಗ್ಲಿಲ್ಲ.”

ಸೆಕ್ರೆಟರಿ ಹೊಸ ಅರ್ಜಿ ಬರೆದುಕೊಟ್ಟರೆ ನಾಳೆಯೇ ಪೂರ್ತಿ ನೀರು ಬಿಡುವುದಾಗಿ ಎಂಜಿನಿಯರ್ ಹೇಳಿದರು. ಭಟ್ಟರು ಕಿಸೆಯಿಂದ ಪೆನ್ನು ತೆಗೆದದ್ದೇ ತಡ, ಹಿಂದೆ ಕೂತಿದ್ದವರೆಲ್ಲ ಗಾಬರಿಯಿಂದ ಎದ್ದು ನಿಂತರು. ಸೋಮವಾರಕ್ಕೂ ಕಾಯದೆ ಅಲ್ಲೇ ಕೈಯೆತ್ತಿ, ವಾಶಿ ಮಾರ್ಕೆಟ್ಟಿನಲ್ಲಿ ಮರಾಠಿಯಲ್ಲೇ ಚೌಕಾಸಿ ಮಾಡುವ ವೇದಾವತಿಯನ್ನು ಸೆಕ್ರೆಟರಿ ಮಾಡಿದರು.

ವೇದಾವತಿ ಪೆನ್ನು ಕಸಿದುಕೊಂಡರು. “ಬರೆಯುದು ನಾನು. ನೀವು ಹೋಗಿ ಗೋಳಿಬಜೆ ತಿನ್ನಿ.”

ಭಟ್ಟರು ಗುಣಪಾಲನ ಡಬ್ಬಿ ತೆರೆದರು. ಧರಣಿಗೆ ಕೂತವರು ಅದನ್ನು ಆಗಲೇ ಖಾಲಿ ಮಾಡಿದ್ದರು.