ಕದ ತಟ್ಟಿಸುವ ಅತ್ತೆ

ನಮ್ಮ ಸೋದರತ್ತೆಯ ಕೈಗೆ ಸಿಕ್ಕ ಮಕ್ಕಳಿಗೆ ಬೇಸಿಗೆ ರಜೆ ಮುಗಿದರೆ ಸಾಕಪ್ಪಾ ಅನ್ನಿಸುತ್ತದೆ ಎಂದುಕೊಂಡಿರಾ? ತಪ್ಪು! ಹಾಗನ್ನಿಸುವುದು ಹೆತ್ತವರಾದ ನಮಗೆ. ಮಕ್ಕಳಂತೂ ಹಾಸ್ಟೆಲಿನಿಂದ ಬಂದು ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿದವರೇ ಅತ್ತೆಯ ಅಂಗಳಕ್ಕೆ ಓಡುತ್ತಾರೆ. ಅಲ್ಲಿ ಬೇವಿನ ಮರದ ಕೆಳಗೆ ಅತ್ತೆ ನಡೆಸುವ ನಮ್ಮ ಚರ್ಚಿನ ರಜಾ ಬೈಬಲ್ ಶಾಲೆ.

ಬೇರೆ ಕಡೆ ಬೈಬಲ್ಲಿನ ವಚನ ಬಾಯಿಪಾಠ ಒಪ್ಪಿಸಿದರೆ ಬಿಸ್ಕತ್ತು ಸಿಗುತ್ತದೆ. ಅತ್ತೆಯ ಕಾನೂನೇ ಬೇರೆ. "ಬಾಯಾಗ ಗಿಣೀನೂ ಹೇಳ್ತತಿ. ಮಾಡಿ ತೋರಸ್ರಿ, ಆಮ್ಯಾಲೆ ಬಿಸ್ಕೀಟು!"

ನೆರೆಯವರನ್ನು ಪ್ರೀತಿಸುವ ಪಾಠದ ದಿನ, ಮಕ್ಕಳು ನೀರು ತುಂಬಿಕೊಡೋಣವೆಂದು ಪಕ್ಕದ ಮನೆಯ ಖಾಲಿ ಕೊಡಗಳನ್ನೆಲ್ಲ ಸದ್ದಿಲ್ಲದೆ ಹೊತ್ತೊಯ್ದರು. ಮನೆಯಾಕೆ ಬಂದು ನೋಡಿದರೆ ಕೊಡಗಳೇ ಇಲ್ಲ! "ಕಳ್ಳರು!" ಎಂದು ಓಣಿಯನ್ನೇ ಕೂಡಿಸಿದರು. ಅಷ್ಟರಲ್ಲಿ ಕಳ್ಳರ ಮೆರವಣಿಗೆ ತುಂಬಿದ ಕೊಡಗಳೊಂದಿಗೆ ಹಾಡುತ್ತಾ ಬಂತು.

ತಟ್ಟಿದರೆ ಕದ ತೆರೆಯುತ್ತದೆ ಎಂಬ ಪಾಠದ ದಿನವಂತೂ ಕೇಳಲೇಬೇಡಿ. ಮೇ ತಿಂಗಳ ಮಧ್ಯಾಹ್ನ, ಊರೆಲ್ಲ ಉಂಡು ಮಲಗಿದ ಹೊತ್ತು. ಓಣಿಯ ಒಂದು ಕದವನ್ನೂ ಬಿಡಲಿಲ್ಲ ನಮ್ಮ ಮಕ್ಕಳು! ದೂರು ತಂದವರನ್ನು ಅತ್ತೆ ಶಾಂತವಾಗಿ ಕೇಳಿದರು: "ಕದ ತಗದ್ರೋ ಇಲ್ಲೋ? ಮತ್ತ, ವಚನ ಖರೇ ಆತು ನೋಡ್ರಿ!" ಇಂಥವರ ಹತ್ತಿರ ಏನು ವಾದ ಮಾಡುತ್ತೀರಿ? ಬೈಯಲು ಬಂದವರು ಮಜ್ಜಿಗೆ ಕುಡಿದು ಹೋದರು.

ಕಳೆದ ಬೇಸಿಗೆಯಲ್ಲಿ ಕ್ಷಮೆಯ ಪಾಠ ಬಂತು. "ಯಾರ ಜೊತಿ ಮಾತು ಬಿಟ್ಟೀರಿ, ಇವತ್ತ ಮಾತಾಡಿಸಿ ಬರ್ರಿ." ಟೂ ಬಿಟ್ಟಿದ್ದ ಮಕ್ಕಳೆಲ್ಲ ಕೂತಲ್ಲೇ ರಾಜಿಯಾದರು. ನನ್ನ ಮಗಳು ಮಾತ್ರ ಎದ್ದು ನಿಂತು ಕೇಳಿಯೇಬಿಟ್ಟಳು: "ಅಜ್ಜಿ, ನೀವು ನಮ್ಮ ತಾತನ ಜೊತಿ ಯಾವಾಗ ಮಾತಾಡ್ತೀರಿ?"

ಅವಳ ತಾತ ಎಂದರೆ ನನ್ನ ಅಪ್ಪ, ಅತ್ತೆಯ ಒಡಹುಟ್ಟಿದ ಅಣ್ಣ. ತಮ್ಮ ತಾಯಿಯ ಹಾರ್ಮೋನಿಯಮ್ಮನ್ನು ತಂಗಿಗೊಂದು ಮಾತೂ ಕೇಳದೆ ಅಪ್ಪ ಮಾರಿದಾಗಿನಿಂದ ಇಬ್ಬರಿಗೂ ಮಾತಿಲ್ಲ. ಅಪ್ಪ ಇರುವುದು ನಮ್ಮ ಜೊತೆ, ಅತ್ತೆಯ ಮನೆಯ ಹಿಂದಿನ ಓಣಿಯಲ್ಲೇ. ಚರ್ಚೂ ಒಂದೇ. ಆರಾಧನೆ ಮುಗಿದರೆ ಅವರು ಆ ಬಾಗಿಲು, ಇವರು ಈ ಬಾಗಿಲು.

ಅತ್ತೆ ಕೈಯಲ್ಲಿದ್ದ ಬೈಬಲ್ ಮುಚ್ಚಿದರು. ಮಗಳನ್ನು ಕರೆದೊಯ್ಯಲು ಬಂದಿದ್ದ ನನಗೆ ಭಯವಾಯಿತು. ಈಗ ಗದರಿಬಿಟ್ಟರೆ ಈ ಮಕ್ಕಳು ಇನ್ನೆಂದಾದರೂ ಅವರ ಪಾಠ ನಂಬುತ್ತಾರೆಯೇ? ಕೊನೆಗೆ ಅತ್ತೆ ಎದ್ದು ಚಪ್ಪಲಿ ಮೆಟ್ಟಿದರು. "ನಡೀರಿ."

ಊರವರ ಕದವನ್ನೆಲ್ಲ ತಟ್ಟಿಸಿದ ಅತ್ತೆ, ನಮ್ಮ ಮನೆಯ ಕದದ ಮುಂದೆ ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಟ್ಟರು. ನೋಡಿ ನನ್ನ ಕಣ್ಣು ತುಂಬಿ ಬಂತು.

"ಜೋರಾಗಿ ತಟ್ರಿ ಅಜ್ಜಿ, ತಾತಗ ಕಿವಿ ಮಂದ," ಎಂದಳು ಮಗಳು.

ತಟ್ಟಿದರು.

ನಿದ್ದೆಗಣ್ಣಲ್ಲಿ ಗೊಣಗುತ್ತಾ ಕದ ತೆಗೆದ ಅಪ್ಪ, ತಂಗಿಯನ್ನು ಕಂಡು ಕದವನ್ನು ಪೂರ್ತಿ ತೆರೆದು ನಿಂತರು. ವಚನ ಖರೆಯಾದ ಖುಷಿಗೆ ಮಕ್ಕಳೆಲ್ಲ ಕುಣಿದು ಕೂಗತೊಡಗಿದರು.

"ಗದ್ದಲ ಮಾಡಬ್ಯಾಡ್ರಲೇ," ಅಪ್ಪ ಗದರಿದರು. "ನನ್ನ ತಂಗಿ ಬಂದಾಳ."